ಮಲಕಪ್ಪನ ಶಿಫಾರಸು

ಡಬ್ಬಿ ಸ್ವಲ್ಪ ವಾರಿ ಮಾಡ್ರಿ. ಹಾಂ, ಹಂಗ.
ಈ ಲಿಫ್ಟು ಅರವತ್ತೆರಡರಾಗಿಂದು,
ಆವಾಗ ಟಿ.ವಿ. ಇಷ್ಟು ಅಗಲ ಇರಲಿಲ್ಲ,
ಈ ಊರಾಗ ಟಿ.ವಿ.ನ ಇರಲಿಲ್ಲ.
ಕಾಲು ಒಳಗ ತಗೋರಿ, ಜಾಳಿಗಿ ಎಳೀತೀನಿ.

ಕನ್ನಡದವ್ರೇನು? ಹಮಾಲನ ಕೂಡ ಮಾತಾಡಿದ್ದು ಕೇಳಿದೆ.
ನಾವು ಅಕ್ಕಲಕೋಟ ಕಡ್ಯಾವ್ರು.
ಮಾಟುಂಗಾಕ್ಕ ಬಂದು ಇಪ್ಪತ್ತಾರು ವರ್ಷಾತು,
ಅದರಾಗ ಅರ್ಧ ಮ್ಯಾಲ ಹೋದದ್ದು, ಅರ್ಧ ಕೆಳಗ ಬಂದದ್ದು.

ಇಷ್ಟು ದೊಡ್ಡದು ತಂದೀರಿ, ಏನು ನೋಡ್ತೀರಿ?
ನನ್ನ ಕೇಳ್ರಿ.
ಈ ಬಿಲ್ಡಿಂಗಿನ್ಯಾಗ ಎಲ್ಲಾ ಸೀರಿಯಲ್ಲು ಬಲ್ಲಾಂವ ನಾನೊಬ್ಬನ.
ನೋಡಿಲ್ಲ. ಒಂದೂ ನೋಡಿಲ್ಲ.
ನಮ್ಮ ಖೋಲ್ಯಾಗ ಆರು ಮಂದಿ,
ಫೋನಿನ ಡೇಟಾ ಮಗಳ ಪರೀಕ್ಷಾಕ್ಕ.
ಕೇಳೀನಿ.

ಎರಡನೇ ಮಾಳಿಗಿ ಹುಡುಗರು ಮೆಟ್ಟಲಾ ಹತ್ತಿದ್ರ ಲಗೂ ಮುಟ್ಟತಾರ,
ವಾದ ಮಾಡಾಕಂತನ ಲಿಫ್ಟ್ ಹತ್ತತಾರ.
'ಮೂರನೇ ಸೀಸನ್ ನೋಡಬ್ಯಾಡ, ಬರೇ ಎಳದಾರ.'
'ಅದನ್ನ ನೋಡದ ನಾಕನೇದು ಹೆಂಗ ತಿಳೀತದ?'
ನನಗ ನನ್ನ ನಡುವಯಸ್ಸು ನೆನಪಾತು.

ಮೂರನೇದ್ರಾಗ ಗಾಲಾ ಅವರ ತಾಯಿ.
'ಸತ್ತಾಂವ ತಿರುಗಿ ಬರೂತನ ಛಲೋ ಇತ್ತು, ಮಲಕಪ್ಪ.'
ಸತ್ತಾಂವ ಮೂರು ಸಲ ಬಂದಾನ.
ಮುದುಕಿ ಮೂರು ಸಲ 'ಇನ್ನ ನೋಡಂಗಿಲ್ಲ' ಅಂದು
ನಾಕು ಸಲ ಅತ್ತಾಳ.

ಫಿಲೋಮಿನಾ ಟೀಚರದು ಬರಫ್ ಬೀಳೂ ದೇಶದ ಪೋಲೀಸರ ಕತಿ.
ಯಾರೂ ಹೆಚ್ಚು ಮಾತಾಡಂಗಿಲ್ಲಂತ, ಕಾಫಿ ಆರ್ತದಂತ,
ಭಾಳ ಛಂದ ಅಂತ.
ಕೊಂದಾಂವ ಯಾರು ಅನ್ನೂದ್ರಾಗ ಆರನೇ ಮಾಳಿಗಿ ಬಂತು.
ಎರಡು ವರ್ಷಾತು. ಆಕಿಗೇ ಮರತದ.

ನಿಂತಿತು ನೋಡ್ರಿ.
ಹೆದರಬ್ಯಾಡ್ರಿ, ನಾಕು ಐದರ ನಡುವ ಒಮ್ಮೊಮ್ಮೆ ನಿಂದರತದ,
ತಾನ ಹೋಗತದ.

ಐದನೇದ್ರಾಗ ಪರಾಂಜಪೆ ಗಂಡ ಹೆಂಡ್ತಿ.
ಇಬ್ಬರೂ ಒಂದ ಸಲ ಲಿಫ್ಟ್ ಹತ್ತಂಗಿಲ್ಲ.
ಜಗಳ ಇರಬೇಕು, ಇರಲಿಕ್ಕಿಲ್ಲ, ನಾ ಕೇಳಿಲ್ಲ.
ದೋಣಿ ದಾಟಸೂ ಅಕ್ಕ-ತಂಗಿ ಕತಿ ಒಂದದ,
ಅದನ್ನಷ್ಟ ಕೂಡಿ ನೋಡತಿದ್ರು.
ಬಾಯಿ ಇಳಿಯೂಮುಂದ ಅಂತಿದ್ರು:
'ಅವರಿಗೆ ಹೇಳು, ಎಂಟನೇದು ನಾ ಬರೂತನ ತಗೀಬ್ಯಾಡ್ರಿ ಅಂತ.'
ಸಾಹೇಬ್ರು ಏರೂಮುಂದ:
'ಆಕಿಗೆ ಹೇಳು, ತಪ್ಪು ಸಣ್ಣಾಕಿದು. ಸುಮ್ಮನ ಪರ ವಹಿಸಬ್ಯಾಡಂತ.'
ತರಕಾರಿ ಚೀಲ, ಗ್ಯಾಸಿನ ಟಾಕಿ, ಅವರ ಮಾತು,
ಎಲ್ಲಾ ಇದರಾಗ ಏರ್ಯಾವ.

ಬಾಯಿ ಮಗಳ ಹೆರಿಗಿಗಂತ ನಾಶಿಕಕ್ಕ ಹೋದ್ರು.
ಕೂಸು ಈಗ ನಡ್ಯಾಕ ಹತ್ತ್ಯದ.
ಸಾಹೇಬ್ರು ಎಂಟನೇದು ತಗದಿಲ್ಲ.

ಒಂದಿನ ರಾತ್ರಿ ಕೈಯಾಗ ಹಾಲಿನ ಪಾಕೀಟು, ಕೇಳಿದ್ರು:
'ಮುಂದ ಏನಾಗಿರಬೇಕೋ, ಮಲಕಪ್ಪ?'
ಐದನೇ ಮಾಳಿಗಿಗೆ ನಲವತ್ತೆಂಟು ಸೆಕೆಂಡು.
ನಾ ಅಂದೆ, ಸಣ್ಣಾಕಿ ದೋಣಿ ತಗೊಂಡು ಹೋಗ್ಯಾಳ ಸಾಹೇಬ್ರ,
ಹಗ್ಗ ದಂಡಿಮ್ಯಾಲ ಬಿಟ್ಟಾಳ.
ದೊಡ್ಡಾಕಿ ದಿನಾ ಆ ಹಗ್ಗ ಬಿಸಲಿಗೆ ಹಾಕ್ತಾಳ,
ಎಣ್ಣಿ ಹಚ್ಚಿ ಸುತ್ತಿ ಇಡ್ತಾಳ.
ಯಾಕ ಅಂತ ಯಾರೂ ಕೇಳಂಗಿಲ್ಲ.
ಐದು ಬಂತು. ಸಾಹೇಬ್ರು ಇಳೀಲಿಲ್ಲ.
'ಕೆಳಗ ನಡಿ' ಅಂದ್ರು.
ಮತ್ತ ಮ್ಯಾಲ.

ಮೊನ್ನೆ ಸೊಸೈಟಿ ಆಫೀಸಿಗೆ ಬಾಯಿಯ ಫೋನು,
ನೀರಿನ ಬಿಲ್ಲಿನ ಸಂಬಂಧ.
ನನ್ನ ಕರಿಸಿ ಕಡೀಕ ಕೇಳಿದ್ರು:
'ಎಂಟನೇದು ನಾ ಇಲ್ಲೇ ನೋಡಿದ್ನೋ, ತಡೀಲಾರದ.
ಅದರಾಗ ಹಗ್ಗ ಎಲ್ಲೆದ?
ಅವರು ದಿನಾ ರಾತ್ರಿ ಫೋನಿನ್ಯಾಗ
ಹಗ್ಗದ ಮಾತ ಆಡತಾರ.'

ನಾ ಏನು ಹೇಳಲಿ? ನೋಡಿದಾಂವ ಅಲ್ಲ.

ಹೊಂಟಿತು, ನೋಡ್ರಿ, ಹೇಳಿದ್ನಿಲ್ಲೋ.
ಬಂತು ನಿಮ್ಮ ಏಳನೇದು. ಆ ಮೂಲಿ ಹಿಡೀರಿ, ಗ್ಲಾಸಿಂದು.
ಅಕ್ಕ-ತಂಗಿದು ನೋಡ್ರಿ, ಅದಕ್ಕ ನನ್ನ ವೋಟು.
ಎಂಟನೇದು ನೋಡಿದ್ರ ನನಗೇನೂ ಹೇಳಬ್ಯಾಡ್ರಿ.
ಬರಫಿನ ದೇಶದಾಗ ಕೊಂದಾಂವ ಯಾರು
ಅಷ್ಟು ತಿಳಿದ್ರ ಹೇಳ್ರಿ,
ಕೆಳಗ ಹೋಗೂಮುಂದ.